ದುಬೈಗೆ ಫ್ರೋಜನ್ ತಿಂಡಿ: ಕೋಲ್ಡ್ ಸ್ಟೋರೇಜ್ ಕಟ್ಟಬೇಕಾ, ಬಾಡಿಗೆಗೆ ಹಿಡಿಯಬೇಕಾ?

ಪ್ರಶ್ನೆ (ಮಂಗಳೂರಿನಿಂದ)

ನಮಸ್ಕಾರ ಸರ್. ಇಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಪರೋಟ, ಪತ್ರೊಡೆ, ನೀರುದೋಸೆ ಫ್ರೀಜ್ ಮಾಡಿ ಬೆಂಗಳೂರಿಗೆ ಕಳಿಸುತ್ತೇವೆ. ಈಗ ದುಬೈಯ ಎರಡು ಸೂಪರ್‌ಮಾರ್ಕೆಟ್‌ನವರು ಮಾಲು ಕೇಳಿದ್ದಾರೆ. ಶಾರ್ಜಾದಲ್ಲಿರುವ ಭಾವ, "ಒಂದು ಶೆಡ್ ಹಿಡಿದು ಕೋಲ್ಡ್ ರೂಮ್ ಕಟ್ಟೋಣ, ಎರಡು ವ್ಯಾನ್ ತಗೊಳ್ಳೋಣ" ಅನ್ನುತ್ತಿದ್ದಾರೆ. ಅದಕ್ಕೆ ಊರಿನ ಜಾಗ ಅಡವಿಡಬೇಕಾಗುತ್ತದೆ. ಧೈರ್ಯ ಸಾಲುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ

ಜಾಗ ಅಡವಿಡಬೇಡಿ. ನಾನು ಹದಿನೆಂಟು ವರ್ಷದಿಂದ ದುಬೈಯ ಬಂದರು ಜೆಬೆಲ್ ಅಲಿ ಕಡೆಯ ಕೋಲ್ಡ್ ಸ್ಟೋರೇಜ್‌ಗಳಲ್ಲೇ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಬಂದವರು ಕಟ್ಟಡಕ್ಕೆ ದುಡ್ಡು ಸುರಿದು, ಮಾಲು ತರಲು ದುಡ್ಡಿಲ್ಲದೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕ ಹಾಕಿ ನೋಡಿ. 40 ಅಡಿಯ ಒಂದು ರೀಫರ್ ಕಂಟೇನರ್‌ನಲ್ಲಿ (ತಣ್ಣಗಿಡುವ ಮೆಷಿನ್ ಇರುವ ಕಂಟೇನರ್) ಸುಮಾರು 20 ಪ್ಯಾಲೆಟ್ (ಪೆಟ್ಟಿಗೆ ಪೇರಿಸುವ ಹಲಗೆ) ಕೂರುತ್ತದೆ. ಮೊದಲ ವರ್ಷ ನಿಮಗೆ ಬೇಕಾಗುವುದು ಅಷ್ಟೇ ಜಾಗ, ಹೆಚ್ಚೆಂದರೆ ಅದರ ಎರಡು ಪಟ್ಟು. ಇಲ್ಲಿ ಪ್ಯಾಲೆಟ್ ಲೆಕ್ಕದಲ್ಲಿ ಬಾಡಿಗೆಗೆ ಜಾಗ ಸಿಗುತ್ತದೆ. ದೊಡ್ಡ ರೂಮ್ ಕಟ್ಟಿದರೆ ಖಾಲಿ ಗಾಳಿಯನ್ನು ತಣ್ಣಗಿಡಲು ಕರೆಂಟ್ ಬಿಲ್ ಕಟ್ಟುತ್ತೀರಿ. ಇನ್ನೊಂದು ವಿಷಯ ಭಾವನಿಗೆ ಹೇಳಿ: ಮೈನಸ್ 18 ಡಿಗ್ರಿಯ ರೂಮ್‌ಗೆ ಗೋಡೆಯ ಪ್ಯಾನೆಲ್ ಮಾತ್ರ ಸಾಲದು. ನೆಲದ ಕೆಳಗೂ ಇನ್ಸುಲೇಷನ್ ಬೇಕು, ಅದರಡಿಯ ಮಣ್ಣು ಹೆಪ್ಪುಗಟ್ಟದಂತೆ ಬಿಸಿಯ ವ್ಯವಸ್ಥೆಯೂ ಬೇಕು. ಇಲ್ಲದಿದ್ದರೆ ಮಣ್ಣಿನ ನೀರು ಮಂಜುಗಡ್ಡೆಯಾಗಿ ಕಾಂಕ್ರೀಟನ್ನೇ ಮೇಲಕ್ಕೆ ಎತ್ತುತ್ತದೆ. ಬಾಡಿಗೆ ಶೆಡ್‌ನಲ್ಲಿ ಇದೆಲ್ಲ ಎಲ್ಲಿರುತ್ತದೆ?

ಆ ದುಡ್ಡನ್ನು ನಿಮ್ಮ ಮಂಗಳೂರಿನ ಬ್ಲಾಸ್ಟ್ ಫ್ರೀಜರ್‌ಗೆ (ಜೋರು ತಣ್ಣನೆ ಗಾಳಿಯಲ್ಲಿ ಮಾಲನ್ನು ಬೇಗ ಗಟ್ಟಿ ಮಾಡುವ ಫ್ರೀಜರ್) ಹಾಕಿ. ರೀಫರ್ ಕಂಟೇನರ್ ಮಾಲನ್ನು ತಣ್ಣಗೆ ಮಾಡುವುದಿಲ್ಲ. ತಣ್ಣಗಿದ್ದದ್ದನ್ನು ಹಾಗೇ ಕಾಯುತ್ತದೆ, ಅಷ್ಟೇ. ಮೈನಸ್ 8ರಲ್ಲಿ ತುಂಬಿಸಿದ ಪೆಟ್ಟಿಗೆ ಹಡಗಿನಲ್ಲಿ ತಾನಾಗಿ ಮೈನಸ್ 18 ಆಗುತ್ತದೆ ಅಂತ ನಂಬಬೇಡಿ. ಪರೋಟದ ನಡುಭಾಗವೇ ಮೈನಸ್ 18 ಆದ ಮೇಲೆ ಪೆಟ್ಟಿಗೆಗೆ ಹಾಕಿ.

ಅದೇ ಮಂಗಳೂರಿನವರು

ಕಂಟೇನರ್ ಲೋಡ್ ಮಾಡುವಾಗ ಏನು ನೋಡಬೇಕು ಸರ್? ಬರುವ ಮೊದಲೇ ತಣ್ಣಗೆ ಮಾಡಿಸಿ ಇಡಲಾ?

ಉತ್ತರ

ಬೇಡ. ನಮ್ಮ ಕರಾವಳಿಯ ಸೆಖೆಯಲ್ಲಿ ತಣ್ಣಗಿರುವ ಕಂಟೇನರ್ ಬಾಗಿಲು ತೆಗೆದರೆ ಹೊರಗಿನ ತೇವವೆಲ್ಲ ಒಳಗೆ ನುಗ್ಗಿ ತಣ್ಣಗೆ ಮಾಡುವ ಕೊಳವೆ (ಕಾಯಿಲ್) ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ನಿಮ್ಮ ಕೋಲ್ಡ್ ರೂಮ್ ಬಾಗಿಲಿಗೆ ಕಂಟೇನರ್ ಗಾಳಿಯಾಡದಂತೆ ಅಂಟಿ ನಿಲ್ಲುವುದಾದರೆ ಮಾತ್ರ ಮೊದಲೇ ತಣ್ಣಗೆ ಮಾಡಿ. ಇಲ್ಲವಾದರೆ ಮೆಷಿನ್ ಆಫ್ ಮಾಡಿ, ಬೇಗ ತುಂಬಿಸಿ, ಬಾಗಿಲು ಹಾಕಿ, ಆಮೇಲೆ ಆನ್ ಮಾಡಿ. ಒಳಗಿನ ಕೆಂಪು ಗೆರೆ ದಾಟಿ ಪೆಟ್ಟಿಗೆ ಪೇರಿಸಬೇಡಿ, ಮೇಲೆ ಗಾಳಿ ಹರಿಯಲು ದಾರಿ ಬೇಕು. ಹೊರಗಿನ ಗಾಳಿ ಬರುವ ಗಾಳಿಕಿಂಡಿ ಪೂರ್ತಿ ಮುಚ್ಚಿರಲಿ. ಪೆಟ್ಟಿಗೆಗಳ ನಡುವೆ ಒಂದೆರಡು ಟೆಂಪರೇಚರ್ ಲಾಗರ್ (ದಾರಿಯುದ್ದಕ್ಕೂ ಟೆಂಪರೇಚರ್ ದಾಖಲಿಸುವ ಸಣ್ಣ ಯಂತ್ರ) ಇಡಿ.

ಶಿರಸಿಯಿಂದ ಒಬ್ಬರು

ಅಣ್ಣಾ, ನಾವು ಹಲಸಿನ ತೊಳೆ ಫ್ರೀಜ್ ಮಾಡಿ ಕೊಡುತ್ತೇವೆ. ಇವರ ಕಂಟೇನರ್‌ನಲ್ಲೇ ನಮ್ಮದೂ ಹೋಗಬಹುದಾ?

ಉತ್ತರ

ಹೋಗಬಹುದು ಅಕ್ಕಾ, ಎರಡಕ್ಕೂ ಮೈನಸ್ 18 ಸಾಕಲ್ವಾ. ಆದರೆ ವಾಸನೆ ಹೊರಗೆ ಬರದ ಹಾಗೆ ಪ್ಯಾಕ್ ಮಾಡಿ, ಹಲಸಿನ ಘಮ ನೀರುದೋಸೆಗೆ ಹತ್ತಬಾರದು. ತಾಜಾ ಹಣ್ಣು, ಸೊಪ್ಪು ಮಾತ್ರ ಇದರ ಜೊತೆ ಆಗುವುದಿಲ್ಲ, ಅದಕ್ಕೆ ಬೇರೆಯದೇ ಟೆಂಪರೇಚರ್ ಬೇಕು.

ಅದೇ ಮಂಗಳೂರಿನವರು

ಹಾಗಾದರೆ ದುಬೈ ಮುಟ್ಟಿದ ಮೇಲೆ ಚಿಂತೆ ಇಲ್ಲ ಅಲ್ವಾ?

ಉತ್ತರ

ಚಿಂತೆ ಶುರುವಾಗುವುದೇ ಅಲ್ಲಿ. ನಾನು ಹೊಸದಾಗಿ ಬಂದ ವರ್ಷದ ಜುಲೈ. ಪರೋಟದ ಕಂಟೇನರ್ ಒಂದು ಬಂತು. ನಾನಿದ್ದ ಗೋಡೌನ್‌ನಲ್ಲಿ ಮುಚ್ಚಿದ ಡಾಕ್ (ಮಾಲು ಇಳಿಸುವ ಕಟ್ಟೆ) ಇರಲಿಲ್ಲ, ಬಯಲಲ್ಲೇ ಇಳಿಸಬೇಕು. ಹನ್ನೊಂದಕ್ಕೆ ಬಾಗಿಲು ತೆಗೆದೆವು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆಳುಗಳ ಜೀವದ ಪ್ರಶ್ನೆ, ಒಳ್ಳೆಯ ಕಾನೂನು. ತಪ್ಪು ನಮ್ಮದು, ಅಷ್ಟು ತಡವಾಗಿ ಶುರು ಮಾಡಿದ್ದೆವು. ಕೊನೆಯ ಆರು ಪ್ಯಾಲೆಟ್ ಒಳಗೆ ಸೇರುವ ಮೊದಲೇ ಪೆಟ್ಟಿಗೆಗಳ ಮೇಲೆ ಬಿಳಿ ಹಿಮ ಕೂತು, ಅದು ಕರಗಿ, ರಟ್ಟು ಮೆತ್ತಗಾಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು.

ಅವನ್ನೂ ಒಳಗಿಟ್ಟರು. ಮತ್ತೆ ಗಟ್ಟಿಯಾದವು, ನೋಡಲು ಚೆನ್ನಾಗಿಯೇ ಇದ್ದವು. ಎರಡು ವಾರದಲ್ಲಿ ಅಂಗಡಿಗಳಿಂದ ವಾಪಸ್ ಬಂದವು. ಒಂದು ಪ್ಯಾಕೆಟ್ ಒಡೆದೆ. ಐದು ಪರೋಟ ಸೇರಿ ಒಂದೇ ಹಲಗೆ ಆಗಿತ್ತು. ನಡುವಿನ ಪ್ಲಾಸ್ಟಿಕ್ ಹಾಳೆ ಎಳೆದರೆ ಹಿಟ್ಟಿನ ಜೊತೆಗೇ ಹರಿದು ಬಂತು. ಕಂಟೇನರ್‌ನ ರೆಕಾರ್ಡ್ ನೋಡಿದರೆ ದಾರಿಯುದ್ದಕ್ಕೂ ಮೈನಸ್ 18. ಸಮುದ್ರ ದಾಟಿ ಬಂದ ಮಾಲು ಬಾಗಿಲ ಮುಂದಿನ ಇಪ್ಪತ್ತು ಅಡಿಯಲ್ಲಿ ಹಾಳಾಯಿತು. ಅದನ್ನು ಮಾಡಿ ಕಳಿಸಿದವರಿಗೆ ಫೋನ್ ಮಾಡಿ ಹೇಳಬೇಕಾದದ್ದು ನಾನು. ಇವತ್ತಿಗೂ ಮರೆತಿಲ್ಲ.

ಹಾಗಾಗಿ ಡಾಕ್ ಮುಚ್ಚಿದ್ದು, ತಣ್ಣಗಿನದ್ದು ಇರುವ ಗೋಡೌನನ್ನೇ ಹಿಡಿಯಿರಿ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಅದೇ ಮಂಗಳೂರಿನವರು

ಓದಿ ಹೊಟ್ಟೆ ಕಿವುಚಿದ ಹಾಗಾಯಿತು ಸರ್. ವ್ಯಾನ್ ಮತ್ತು ಪೇಪರ್ ಕೆಲಸದ ಬಗ್ಗೆಯೂ ಹೇಳಿ.

ಉತ್ತರ

ವ್ಯಾನ್ ಕೂಡ ಮೊದಲು ಬಾಡಿಗೆಯದೇ ಇರಲಿ. ಅಲ್ಲೂ ಬಾಗಿಲೇ ಸಮಸ್ಯೆ. ಕರಾಮಾ, ಬರ್ ದುಬೈ, ಶಾರ್ಜಾ ಅಂತ ಹದಿನೈದು ಅಂಗಡಿಗೆ ನಿಲ್ಲಿಸಿದರೆ ಹದಿನೈದು ಸಲ 45 ಡಿಗ್ರಿ ಗಾಳಿ ಒಳಗೆ ಬಂತು ಅಂತ ಲೆಕ್ಕ. ಒಳಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಇರಲಿ. ಕೊನೆಯ ಅಂಗಡಿಯ ಮಾಲು ಮೊದಲು ಒಳಗೆ ಹೋಗಲಿ, ಹುಡುಕಾಡುತ್ತಾ ಬಾಗಿಲು ತೆರೆದಿಡಬಾರದು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಮುಗಿಸಿ.

ಪೇಪರ್ ಕೆಲಸಕ್ಕೆ ಒಳ್ಳೆಯ ಕ್ಲಿಯರಿಂಗ್ ಏಜೆಂಟ್ ಬೇಕೇ ಬೇಕು. ಲೇಬಲ್‌ನಲ್ಲಿ ಅರೇಬಿಕ್ ಇರಬೇಕು, ಮಾಲು ಹೊರಡುವ ಮೊದಲೇ ಅದನ್ನು ದುಬೈ ಮುನ್ಸಿಪಾಲಿಟಿಯಲ್ಲಿ ನೋಂದಾಯಿಸಿ. ಸಾಮಾನ್ಯವಾಗಿ ಕಸ್ಟಮ್ಸ್ ಸುಂಕ 5%. ಭಾರತ–ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಅನೇಕ ವಸ್ತುಗಳಿಗೆ ಸುಂಕ ಕಡಿಮೆಯಾಗಿದೆ ಅಥವಾ ಹೋಗಿದೆ. ಅದರ ಲಾಭ ಸಿಗಬೇಕಾದರೆ ಒಪ್ಪಂದದ ಪ್ರಕಾರದ ಸರ್ಟಿಫಿಕೇಟ್ ಆಫ್ ಒರಿಜಿನ್ (ಮಾಲು ಭಾರತದ್ದೇ ಅನ್ನುವ ಪ್ರಮಾಣಪತ್ರ) ಜೊತೆಗಿರಬೇಕು. 5% ವ್ಯಾಟ್ ಬೇರೆ.

ಕಂಟೇನರ್ ವಾರದ ಶುರುವಿನಲ್ಲಿ ಬರುವ ಹಾಗೆ ನೋಡಿಕೊಳ್ಳಿ. ದುಬೈಯ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. ಒಂದು ಕಾಗದ ಸಿಕ್ಕಿಹಾಕಿಕೊಂಡರೆ ಬಂದರಿನಲ್ಲಿ ದಿನದಿನಕ್ಕೂ ಪ್ಲಗ್ ಚಾರ್ಜ್ (ಕಂಟೇನರ್‌ಗೆ ಕೊಡುವ ಕರೆಂಟ್‌ನ ಶುಲ್ಕ) ಏರುತ್ತದೆ.

ಅದೇ ಮಂಗಳೂರಿನವರು

ಭಾವನ ಹತ್ತಿರ ಮಾತಾಡಿದೆ, ಶೆಡ್ ಬೇಡ ಅಂತ ಒಪ್ಪಿದರು. ನಾಳೆ ಎರಡು ಗೋಡೌನ್‌ ನೋಡಲು ಹೋಗುತ್ತಾರೆ. ಏನು ಕೇಳಬೇಕು?

ಉತ್ತರ

ಡಾಕ್‌ನಲ್ಲಿ ಟೆಂಪರೇಚರ್ ಎಷ್ಟು ಅಂತ ಬಾಯಲ್ಲಿ ಕೇಳುವುದಲ್ಲ, ನಿಂತು ನೋಡಲಿ. ಮಾಲು ಇಳಿಸುವಾಗ ಪೆಟ್ಟಿಗೆಗಳ ನಡುವೆ ಥರ್ಮಾಮೀಟರ್ ಇಟ್ಟು ಅಳೆದು ಯಾರು ಸಹಿ ಹಾಕುತ್ತಾರೆ ಅಂತ ಕೇಳಲಿ. ಕರೆಂಟ್ ಹೋದರೆ ಜನರೇಟರ್ ಇದೆಯಾ, ಕೊನೆಯ ಸಲ ಯಾವಾಗ ಓಡಿಸಿದರು ಅಂತಲೂ ಕೇಳಲಿ. ಫ್ರೀಜರ್ ಬಾಗಿಲ ಹತ್ತಿರ ನೆಲದ ಮೇಲೆ ಮಂಜುಗಡ್ಡೆ ಕಂಡರೆ ಮಾತು ಬೆಳೆಸದೆ ಮುಂದಿನ ಗೋಡೌನ್‌ಗೆ ಹೋಗಲಿ.

ಮೊದಲ ಕಂಟೇನರ್ ಹೊರಟ ದಿನ ನನಗೆ ಮೆಸೇಜ್ ಮಾಡಿ. ಇಳಿಸುವ ದಿನ ಬೆಳಗ್ಗೆ ಐದಕ್ಕೆ ಥರ್ಮಾಮೀಟರ್ ಹಿಡಿದು ನಾನೂ ಬರುತ್ತೇನೆ.