ಸಹಾಯ ಬೇಕು: ಹೊಸ ನಾಟಕ ಓದಿ ನೋಡುವ ತಂಡ ಇದೆಯೇ?

ರಂಗಾಸಕ್ತರೆಲ್ಲರಿಗೂ ನಮಸ್ಕಾರ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಬಗ್ಗೆ ಒಂದು ನಾಟಕ ಬರೆದಿದ್ದೇನೆ. ನಾಲ್ಕೇ ಪಾತ್ರ, ಸುಮಾರು 70 ನಿಮಿಷ. ಹರಾಜಿನಲ್ಲಿ ರೇಟು ಬಿದ್ದ ಮೇಲೆ, ಗೂಡನ್ನು ಕೊಡಲೂ ಆಗದೆ ವಾಪಸ್ ಒಯ್ಯಲೂ ಆಗದೆ ಅಪ್ಪ-ಮಗಳು ಹರಾಜಿಗಿಟ್ಟ ತಮ್ಮ ಗೂಡಿನ ರಾಶಿಯ ಮುಂದೆ ನಿಂತೇ ಜಗಳ ಆಡುತ್ತಾರೆ. ಇಟ್ಟುಕೊಂಡರೆ ಚಿಟ್ಟೆ ಗೂಡು ಸೀಳಿ ಹೊರಬರುತ್ತದೆ, ನೂಲು ಹಾಳು. ನಾಟಕದ ಜೀವ ಇರುವುದು ಆ ದೃಶ್ಯದಲ್ಲೇ.

ಒಂದು ತಂಡದವರು ಹೊಸಬರ ನಾಟಕಕ್ಕೆ ಟಿಕೆಟ್ ಹೋಗಲ್ಲ ಅಂದರು. ಅದನ್ನು ನಾನು ಒಪ್ಪಲ್ಲ. ಬೆಂಗಳೂರಿನಲ್ಲಿ ರಂಗಶಂಕರದಂಥ ರಂಗಮಂದಿರದಲ್ಲಿ ಪ್ರಯೋಗ ಆಮೇಲಿನ ಮಾತು; ಮೊದಲು ನಟರ ಬಾಯಲ್ಲಿ ಸಂಭಾಷಣೆ ಕೇಳಬೇಕು. ರಾಮನಗರ, ಬೆಂಗಳೂರು, ಮೈಸೂರಿನಲ್ಲಿ ಯಾರಾದರೂ ಒಂದು ಸಂಜೆ ವಾಚನ ಇಟ್ಟುಕೊಳ್ಳುತ್ತೀರಾ? ಹಾಗೇ, ನಿರ್ದೇಶಕರಿಗೆ ಸ್ಕ್ರಿಪ್ಟ್ ಕೊಡುವಾಗ ಪ್ರಯೋಗದ ಹಕ್ಕು, ಗೌರವಧನದ ಬಗ್ಗೆ ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.