ಅಂಗಡಿಗೆ ಟಚ್‌ಸ್ಕ್ರೀನ್ ಕಂಪ್ಯೂಟರ್: ಯಾವ ಭಾಗ ತಗೊಳ್ಳಲಿ?

ಪ್ರಶ್ನೆ:
ರಾಯಚೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಬಿಲ್ ಹಾಕೋಕೆ ಟಚ್‌ಸ್ಕ್ರೀನ್ ಕಂಪ್ಯೂಟರ್ ನಾನೇ ಜೋಡಿಸಬೇಕು ಅಂತಿದ್ದೇನೆ. ಚೀಲ ಇಳಿಸಿದಾಗಲೆಲ್ಲ ಟೇಬಲ್ ಮೇಲೆ ಬಿಳಿ ಧೂಳು ಕೂರುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ. ಏನು ತಗೊಳ್ಳಲಿ?

ಉತ್ತರ 1:
ಅಣ್ಣಾ, ಮೊದಲು ಸ್ಕ್ರೀನ್ ಯಾವುದು ಅಂತ ತೀರ್ಮಾನ ಮಾಡಿ. ರೆಸಿಸ್ಟಿವ್ ಆದರೆ ಒತ್ತಿದರೆ ಕೆಲಸ ಮಾಡುತ್ತದೆ, ಕೈಗವಸು ಇದ್ದರೂ, ಪೆನ್ನಿನ ಹಿಂಭಾಗದಲ್ಲಿ ಒತ್ತಿದರೂ ನಡೆಯುತ್ತದೆ, ಆದರೆ ಮೇಲಿನ ಪದರ ಬೇಗ ಗೀರು ಬೀಳುತ್ತದೆ. ಬರಿಗೈಯಲ್ಲಿ ಬಿಲ್ ಹಾಕುವುದಾದರೆ ಕೆಪ್ಯಾಸಿಟಿವ್ (ಮೊಬೈಲಿನ ಹಾಗೆ ಬೆರಳು ತಾಗಿಸಿದರೆ ಸಾಕು) ಒಳ್ಳೆಯದು, ಗಾಜು ಒರೆಸೋದೂ ಸುಲಭ. ಫ್ಯಾನ್ ಇಲ್ಲದ ಮಿನಿ ಪಿಸಿ ನೋಡಿ, ಫ್ಯಾನ್ ಇದ್ದರೆ ಆ ಧೂಳನ್ನೆಲ್ಲ ಒಳಗೆ ಎಳೆಯುತ್ತದೆ ಅಲ್ವಾ. ಆದರೆ ಅದನ್ನ ಡ್ರಾಯರಿನೊಳಗೆ ಮುಚ್ಚಿಡಬೇಡಿ, ಬಿಸಿ ಹೊರಗೆ ಹೋಗಬೇಕು.

ಉತ್ತರ 2:
ಸ್ಕ್ರೀನಿಗೆ ಹಾಕುವ ಎಚ್‌ಡಿಎಂಐ ವೈರಿನಲ್ಲಿ ಬರೋದು ಚಿತ್ರ, ಧ್ವನಿ ಮಾತ್ರ, ಟಚ್‌ಗೆ ಸಾಮಾನ್ಯವಾಗಿ ಯುಎಸ್‌ಬಿ ವೈರ್ ಬೇರೆ ಹಾಕಬೇಕು. ಇದು ಗೊತ್ತಿಲ್ಲದೆ ನಾನು ಒಂದು ದಿನ ಪೂರ್ತಿ ಒದ್ದಾಡಿದ್ದೇನೆ. ಮಿನಿ ಪಿಸಿ ಬದಲು ರಾಸ್ಪ್‌ಬೆರಿ ಪೈ 5 (ಒಂದೇ ಬೋರ್ಡಿನ ಚಿಕ್ಕ ಕಂಪ್ಯೂಟರ್) ಹಾಕುವುದಾದರೆ 5 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ತಗೊಳ್ಳಿ, ಸುಮ್ನೆ ಮೊಬೈಲ್ ಚಾರ್ಜರ್ ಚುಚ್ಚಬೇಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗ ಇಲ್ಲದ ಸ್ಟೋರೇಜ್) ಹಾಕಿ. ಯುಪಿಎಸ್ (ಕರೆಂಟ್ ಹೋದಾಗ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ) ಅಂತೂ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಬಿಲ್ ಹಾಕೋದು ನಾನು, ತಮ್ಮ ಇಬ್ಬರೇ, ಕೆಪ್ಯಾಸಿಟಿವ್ ತಗೊಳ್ತೇನೆ. ಯುಪಿಎಸ್ ವಿಷಯ ತಲೆಗೇ ಬಂದಿರಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್ ರೀ.