ಓದುಗರ ಸ್ಪಂದನ: ‘ನೆಟ್ಟಗೆ ಕೂತ್ಕೋ’ ಅಂದರೆ ಮಗಳು ಅಳ್ತಾಳೆ

ಮಂಡ್ಯದ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಬೆನ್ನು ಬಗ್ಗಿಸಿಯೇ ಕೂರುತ್ತಾಳೆ, ಬಗ್ಗಿಯೇ ನಡೆಯುತ್ತಾಳೆ. ಹೇಳಿದರೆ ಅಳುತ್ತಾಳೆ, ಇಲ್ಲವೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಬೆನ್ನಿಗೆ ಕಟ್ಟುವ ಬೆಲ್ಟ್ ಕೊಡಿಸಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮಗಳನ್ನು ‘ಗೂನಿ’ ಅಂತ ಕರೆಯುವುದಾಗಿ ನೀವೇ ಬರೆದಿದ್ದೀರಿ. ಮೊದಲು ಅದನ್ನು ನಿಲ್ಲಿಸಿ. ಬೆಲ್ಟಿನ ಮಾತು ಆಮೇಲೆ.
– ನಿವೃತ್ತ ಶಿಕ್ಷಕಿ, ಮದ್ದೂರು

*

ಮಾತು ಖಾರವಾಗಿದೆ. ಆದರೆ ಇದೇ ಅಭಿಪ್ರಾಯದ ಪತ್ರಗಳು ಜಾಸ್ತಿ ಬಂದಿವೆ. ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

*

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಟನೇ ಕ್ಲಾಸಿಗೇ ನಾನು ಅಮ್ಮನಿಗಿಂತ ಎತ್ತರ ಬೆಳೆದಿದ್ದೆ. ಪ್ರಾರ್ಥನೆಗೆ ಸಾಲು ನಿಂತರೆ ಎಲ್ಲರಿಗಿಂತ ಹಿಂದೆ ನಾನೇ. ‘ಒಂಟೆ’ ಅನ್ನುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಎದೆ ಬೆಳೆಯೋಕೆ ಶುರುವಾದಾಗ ಏನು ಮಾಡಬೇಕೆಂದೇ ತೋಚಲಿಲ್ಲ. ಬ್ರಾ ಕೊಡಿಸಿ ಅಂತ ಬಾಯಿಬಿಟ್ಟು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು? ದುಪಟ್ಟಾದ ಎರಡೂ ಕಡೆ ಪಿನ್ ಹಾಕಿ, ನೋಟ್‌ಬುಕ್ಕುಗಳನ್ನು ಎದೆಗೆ ಅವುಚಿಕೊಂಡು, ಭುಜ ಮುಂದಕ್ಕೆ ಮಾಡಿ ನಡೆಯುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಗಂಡಸರ ಕಣ್ಣು ಎಲ್ಲೆಲ್ಲಿ ಹೋಗುತ್ತೆ ಅಂತ ನಿಮಗೂ ಗೊತ್ತು. ಅಂಥದ್ದರಲ್ಲಿ ಬೆನ್ನು ನೆಟ್ಟಗೆ ಮಾಡು ಅಂದರೆ ಹೇಗೆ ಮಾಡಲಿ?

ನಾನು ಊಟಕ್ಕೆ ಕೂತಾಗ ಅಪ್ಪ ಹಿಂದಿನಿಂದ ಬಂದು ಬೆನ್ನಿಗೆ ಮರದ ಸ್ಕೇಲಿನಿಂದ ತಿವಿಯುತ್ತಿದ್ದರು, ನೆಂಟರ ಮುಂದೆಯೂ. ಆ ಗಳಿಗೆಗೆ ನೆಟ್ಟಗಾಗುತ್ತಿದ್ದೆ. ಅವರು ಆಚೆ ಹೋದರೆ ಇನ್ನೂ ಮುದುಡಿಕೊಳ್ಳುತ್ತಿದ್ದೆ. ಅವರದ್ದು ಪ್ರೀತಿಯೇ ಇರಬಹುದು. ಇವತ್ತು ಅಪ್ಪ ಇಲ್ಲ, ಆದರೂ ಹಿಂದೆ ಯಾರಾದರೂ ನಿಂತರೆ ನನ್ನ ಬೆನ್ನು ಬಿಗಿಯುತ್ತದೆ.

ಮಹಾರಾಣಿ ಕಾಲೇಜಿಗೆ ಸೇರಿದ ಮೇಲೆ ನನಗೆ ಉಸಿರು ಬಂತು. ಅಲ್ಲಿ ಬರೀ ಹುಡುಗಿಯರು. ವಾಲಿಬಾಲ್ ಆಡಿಸುತ್ತಿದ್ದ ಮೇಡಂ ನನ್ನ ಎತ್ತರ ನೋಡಿ ಖುಷಿಪಟ್ಟು, ಬ್ಲಾಕ್ ಮಾಡೋಕೆ ನೆಟ್ ಹತ್ತಿರವೇ ನಿಲ್ಲಿಸಿದರು. ಕೈ ಮೇಲೆತ್ತಿ ನೆಗೆಯುವಾಗ ಬಗ್ಗಿಕೊಂಡು ಇರೋಕಾಗಲ್ಲ ಅಲ್ವಾ? ಒಂದು ದಿನವೂ ಅವರು ‘ನೆಟ್ಟಗೆ ನಿಲ್ಲು’ ಅನ್ನಲಿಲ್ಲ.

ಅಕ್ಕಾ, ಒಂದು ಭಾನುವಾರ ಅಮ್ಮ ಮಗಳು ಇಬ್ಬರೇ ಮೈಸೂರಿಗೆ ಬನ್ನಿ. ಅರಸು ರಸ್ತೆಯಲ್ಲಿ ಅವಳ ಅಳತೆಗೆ ಸರಿಯಾದ ಬ್ರಾ ಕೊಡಿಸಿ. ಅವಳಾಗಿಯೇ ಮಾತಾಡಲಿ. ನೀವು ಸುಮ್ನೆ ಕೇಳಿಸಿಕೊಳ್ಳಿ.
– ಹೆಸರು ಬೇಡ, ಕುವೆಂಪುನಗರ, ಮೈಸೂರು

*

ಬ್ಯಾಗಿನ ವಿಷಯ ಯಾಕೆ ಯಾರೂ ಎತ್ತಲ್ಲ? ಒಂಬತ್ತು, ಹತ್ತನೇ ತರಗತಿಯ ಬ್ಯಾಗು 4ರಿಂದ 5 ಕೆ.ಜಿ. ಮೀರಬಾರದು ಅಂತ ರಾಜ್ಯ ಸರ್ಕಾರ 2019ರಲ್ಲೇ ಆದೇಶ ಮಾಡಿದೆ. ನನ್ನ ಮಗನ ಬ್ಯಾಗನ್ನು ಅಂಗಡಿ ತಕ್ಕಡಿಯಲ್ಲಿಟ್ಟರೆ 8 ಕೆ.ಜಿ. ದಾಟಿತು. ಸ್ಕೂಲಿನವರನ್ನು ಕೇಳಿದರೆ ಟೈಮ್‌ಟೇಬಲ್ ತೋರಿಸುತ್ತಾರೆ.
– ತಂದೆ, ಶ್ರೀರಂಗಪಟ್ಟಣ

*

ಯೋಗಕ್ಕೆ ಕಳಿಸಿ. ಯೋಗಗುರು ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಹುಡುಗರಿಗೆ ಆಸನ ಕಲಿಸಿದ ಊರು ನಮ್ಮದು. ಬೆಳಿಗ್ಗೆ ತಾಡಾಸನ, ಭುಜಂಗಾಸನ ಮಾಡಿದರೆ ಸಾಕು.
– ಹಿರಿಯ ಓದುಗರು, ಗೋಕುಲಂ, ಮೈಸೂರು

*

ಬ್ಯಾಗಿನ ಭಾರ ಇಳಿಯಲೇಬೇಕು. ಆಸನಗಳೂ ಒಳ್ಳೆಯವೇ, ಹುಡುಗಿಗೆ ಇಷ್ಟವಿದ್ದರೆ. ಅವಳದೇ ವಯಸ್ಸಿನವರು ಬರೆದದ್ದು ಒಂದೇ ಪತ್ರ.

*

ಆಂಟಿ, ಹೇಳಲೇಬೇಕು ಅಂದರೆ ಎಲ್ಲರ ಮುಂದೆ ಹೇಳಬೇಡಿ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗಂತೂ ಹಾಕಲೇಬೇಡಿ.
– ಹತ್ತನೇ ತರಗತಿ, ಪಾಂಡವಪುರ

*

ಬೆಲ್ಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಕಟ್ಟಿಕೊಂಡಷ್ಟು ಹೊತ್ತು ಅದು ಬೆನ್ನನ್ನು ನೆನಪಿಸುತ್ತದೆ, ಅಷ್ಟೇ. ಗಟ್ಟಿಯಾಗಬೇಕಾದ್ದು ಬೆನ್ನಿನ, ಹೊಟ್ಟೆಯ ಸ್ನಾಯುಗಳು. ಅದಕ್ಕೆ ಈಜು, ಆಟ, ವ್ಯಾಯಾಮವೇ ಆಗಬೇಕು. ನೆಲದ ಮೇಲೆ ಕೂತು ಓದುವವಳಾದರೆ ಪುಸ್ತಕಕ್ಕೆ ವ್ಯಾಸಪೀಠ ಕೊಡಿ, ಕತ್ತು ಅಷ್ಟು ಬಗ್ಗಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ.

ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಕಾಲು ಜೋಡಿಸಿ ನಿಂತು, ಮಂಡಿ ಮಡಿಸದೆ, ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಲಿ. ನೀವು ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಎತ್ತರ ಕಂಡರೆ ಬೆನ್ನುಮೂಳೆ ಪಕ್ಕಕ್ಕೆ ಓರೆಯಾಗಿರಬಹುದು. ಅದು ಸ್ಕೋಲಿಯೋಸಿಸ್. ಇನ್ನೊಂದು, ಬೋರಲು ಮಲಗಿದರೂ ಗೂನು ಹೋಗದಿದ್ದರೆ ಷ್ಯೂರ್ಮನ್ ಕೈಫೋಸಿಸ್ ಇರಬಹುದು. ಅದರಲ್ಲಿ ಬೆನ್ನುಮೂಳೆಗಳೇ ಮುಂಭಾಗದಲ್ಲಿ ತೆಳ್ಳಗಾಗಿ ಬೆಣೆಯ ಆಕಾರಕ್ಕೆ ಬೆಳೆದಿರುತ್ತವೆ. ಮಗು ಎಷ್ಟು ಪ್ರಯತ್ನಪಟ್ಟರೂ ನೆಟ್ಟಗಾಗಲ್ಲ. ಇವೆರಡರಲ್ಲಿ ಯಾವುದರ ಅನುಮಾನ ಬಂದರೂ ಮೂಳೆ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಎಕ್ಸ್‌ರೇ ನೋಡಿ ಬ್ರೇಸ್, ಅಂದರೆ ಬೆನ್ನಿಗೆ ಹಾಕುವ ಗಟ್ಟಿ ಕವಚ, ಮಾಡಿಸುತ್ತಾರೆ. ಅದು ಅಂಗಡಿಯ ಬೆಲ್ಟ್ ಅಲ್ಲ. ಮೂಳೆ ಬೆಳೆಯುವ ವಯಸ್ಸು ಮುಗಿದರೆ ಬ್ರೇಸಿನಿಂದ ಹೆಚ್ಚು ಉಪಯೋಗವಿಲ್ಲ, ಹಾಗಾಗಿ ತಡ ಮಾಡಬೇಡಿ.
– ಫಿಸಿಯೋಥೆರಪಿಸ್ಟ್, ಸರಸ್ವತಿಪುರಂ, ಮೈಸೂರು

*

ಈ ಪರೀಕ್ಷೆಯನ್ನು ಮಗಳಿಗೆ ಮೊದಲೇ ವಿವರಿಸಿ, ಅವಳು ಒಪ್ಪಿದ ಮೇಲೆಯೇ ಮಾಡಿ ಎಂಬುದು ನಮ್ಮ ಕೋರಿಕೆ. ಕುವೆಂಪುನಗರದ ಓದುಗರು ತಮ್ಮ ಪತ್ರವನ್ನು ಅವಳಿಗೂ ಓದಲು ಕೊಡಿ ಎಂದಿದ್ದಾರೆ. ಅದರ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇವೆ.
– ಸಂಪಾದಕಿ